6 ವರ್ಷಕ್ಕೆ 4 ಕೋಚ್: ತಪ್ಪು ಯಾರದು?

ಪಶ್ಚಿಮ ಸಿಡ್ನಿಯಿಂದ ಬಂದ ಒಂದು ಪತ್ರವನ್ನು ಮೂರು ಸಲ ಓದಿದೆ. ಬರೆದವರು ದಾವಣಗೆರೆ ಕಡೆಯವರು. ಮಗ ರಗ್ಬಿ ಲೀಗ್ ಆಡುವ ಬಡಾವಣೆ ಕ್ಲಬ್ಬಿಗೆ ಇವರೇ ಖಜಾಂಚಿ. ಕ್ಲಬ್ಬಿನ ದೊಡ್ಡವರ ತಂಡ ಈ ಸೀಸನ್‌ನಲ್ಲಿ 9 ಪಂದ್ಯ ಆಡಿ 7 ಸೋತಿದೆ. ಹೆಡ್ ಕೋಚ್‌ನ ಈಗಲೇ ತೆಗೆಯಬೇಕು ಅಂತ ಅಧ್ಯಕ್ಷರ ಹಟ. ಕಮಿಟಿಯಲ್ಲಿ ಐದು ಜನ. ಇಬ್ಬರು ಆ ಕಡೆ, ಇಬ್ಬರು ಈ ಕಡೆ. ಬುಧವಾರದ ಮೀಟಿಂಗ್‌ನಲ್ಲಿ ಇವರ ವೋಟೇ ಕೊನೆಯದು. ಪ್ರಾಕ್ಟೀಸ್ ಮುಗಿದ ಮೇಲೂ ಇವರ 15 ವರ್ಷದ ಮಗನನ್ನು ನಿಲ್ಲಿಸಿಕೊಂಡು ಟ್ಯಾಕಲ್, ಅಂದರೆ ಎದುರಾಳಿಯನ್ನು ತಬ್ಬಿ ಕೆಡವುವುದನ್ನು, ಹೇಳಿಕೊಟ್ಟವರು ಅದೇ ಕೋಚ್. "ಉಳಿಸಿದ್ರೆ ಮಗನಿಗೋಸ್ಕರ ಅಂತಾರೆ. ತೆಗೆದ್ರೆ ನನಗೆ ನಿದ್ದೆ ಬರಲ್ಲ. ಏನು ಮಾಡಲಿ ಮೇಡಂ?" ಅಂತ ಕೇಳಿದ್ದಾರೆ.

ಈ ಆಟ ನೋಡದವರಿಗೆ ಒಂದು ಮಾತು. ಒಂದೊಂದು ಕಡೆ 13 ಜನ. ಚೆಂಡು ಹಿಡಿದು ಮುನ್ನುಗ್ಗಬೇಕು, ಎದುರಿನವರು ತಬ್ಬಿ ಕೆಡವುತ್ತಾರೆ. ಆರನೇ ಸಲ ಕೆಡವಿದರೆ ಚೆಂಡು ಅವರ ಪಾಲು. ಪ್ರತಿ ಸಲ ಕೆಡವಿದ ಮೇಲೂ ತಡೆಯುವ ತಂಡ 10 ಮೀಟರ್ ಹಿಂದಕ್ಕೆ ಓಡಿ ಸಾಲು ಕಟ್ಟಿ ನಿಲ್ಲಬೇಕು. 80 ನಿಮಿಷ ಇದೇ ಕೆಲಸ. ಈ 10 ಮೀಟರ್ ನೆನಪಿಟ್ಟುಕೊಳ್ಳಿ.

ಇನ್ನು ನಿಮ್ಮ ಪತ್ರಕ್ಕೆ ಬರುತ್ತೇನೆ. ಎರಡು ಪುಟದಲ್ಲಿ ಸೋಲಿನ ಲೆಕ್ಕ ಇದೆ, ಋಣದ ಮಾತಿದೆ, ಜನ ಏನಂತಾರೋ ಅನ್ನುವ ಭಯ ಇದೆ. ನಡುವೆ ಒಂದೇ ಒಂದು ಸಾಲು, ನೀವು ಸುಮ್ನೆ ಬರೆದು ಮುಂದೆ ಹೋಗಿದ್ದೀರಿ: "ಅಂದಹಾಗೆ 6 ವರ್ಷದಲ್ಲಿ ಇವರು ನಾಲ್ಕನೇ ಕೋಚ್." ಅಮ್ಮಾ, ಇಡೀ ಪತ್ರ ಇರುವುದೇ ಆ ಸಾಲಿನಲ್ಲಿ. ಆ ನಾಲ್ಕೂ ಜನರನ್ನು ಆರಿಸಿದ್ದು ಯಾರು? ನೀವೇ ಬರೆದಿದ್ದೀರಿ, ಇದೇ ಅಧ್ಯಕ್ಷರು. ಮೂವರು ಸೊಸೆಯರೂ ಸರಿಯಿಲ್ಲ ಅನ್ನುವ ಅತ್ತೆಯ ಬಗ್ಗೆ ಈ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ ನಾನು? ಒಂದೇ ಕುರ್ಚಿಯಿಂದ ಸಾಲಾಗಿ ಜನ ಎದ್ದು ಹೋಗುತ್ತಿದ್ದರೆ ಕುರ್ಚಿ ಹಾಕಿದವರನ್ನು ಕೇಳಬೇಕು. ನಿಮ್ಮ ಅಧ್ಯಕ್ಷರ ಮೇಲೆ ನನಗೆ ನಿಜವಾಗಿ ಕೋಪ ಬಂದಿದೆ. ಮೀಟಿಂಗ್ ಆಗುವ ಮೊದಲೇ ಹೊಸ ಕೋಚ್ ಜತೆ ಮಾತಾಡಿ ಬಂದಿದ್ದಾರಂತೆ. ಇದು ಸೋಲಿನ ಬೇಸರ ಅಲ್ಲ, ತಮ್ಮ ಆಯ್ಕೆ ತಪ್ಪಿದ್ದನ್ನು ಮುಚ್ಚಿಹಾಕುವ ಆತುರ.

ನಿಮ್ಮ ಊರಲ್ಲೇ ಉದಾಹರಣೆ ಇವೆ. ವೆಸ್ಟ್ಸ್ ಟೈಗರ್ಸ್ ನೋಡಿ. ಆಸ್ಟ್ರೇಲಿಯಾದ ದೊಡ್ಡ ರಗ್ಬಿ ಲೀಗ್ ಟೂರ್ನಿಯಲ್ಲಿ 2005ರಲ್ಲಿ ಕಪ್ ಗೆದ್ದ ಸಿಡ್ನಿ ತಂಡ. 2022ರ ಜೂನ್‌ನಲ್ಲಿ, ಸೀಸನ್ ನಡುವೆಯೇ, ಕೋಚ್ ಮೈಕಲ್ ಮಗ್ವಾಯರ್‌ರನ್ನು ಮನೆಗೆ ಕಳಿಸಿದರು. ತಂಡ ಮೇಲೆದ್ದಿತಾ? 2022, 2023, 2024, ಮೂರೂ ವರ್ಷ ಪಟ್ಟಿಯಲ್ಲಿ ಕಟ್ಟಕಡೆ. ಅದೇ ಮಗ್ವಾಯರ್ 2025ರಲ್ಲಿ ಬ್ರಿಸ್ಬೇನ್ ಬ್ರಾಂಕೋಸ್‌ಗೆ ಕಪ್ ಗೆಲ್ಲಿಸಿಕೊಟ್ಟರು. ಅದೇ ಟೂರ್ನಿಯ ಪೆನ್ರಿತ್ ತಂಡದ ಕಥೆ ಇನ್ನೂ ನೋವಿನದು. 2015ರಲ್ಲಿ ಕೋಚ್ ಐವನ್ ಕ್ಲಿಯರಿಯನ್ನು ತೆಗೆದರು, 2019ಕ್ಕೆ ಅವರನ್ನೇ ವಾಪಸ್ ಕರೆದರು. 2021ರಿಂದ 2024ರವರೆಗೆ ಸತತ ನಾಲ್ಕು ಕಪ್ ಬಂದವು.

ಇದಕ್ಕೆ ತದ್ವಿರುದ್ಧ ಉದಾಹರಣೆಯೂ ಇದೆ. ಅದೇ ಟೂರ್ನಿಯ ಪ್ಯಾರಮ್ಯಾಟಾ ಈಲ್ಸ್ ತಂಡ 2018ರಲ್ಲಿ ಕಟ್ಟಕಡೆಗೆ ಬಿತ್ತು. ಆಗ ಕೋಚ್ ಬ್ರಾಡ್ ಆರ್ಥರ್‌ರನ್ನು ತೆಗೆಯದೆ ಉಳಿಸಿಕೊಂಡರು. ಮರುವರ್ಷವೇ ಫೈನಲ್ಸ್ ಸುತ್ತಿನಲ್ಲಿ ಬ್ರಿಸ್ಬೇನ್ ತಂಡವನ್ನು 58-0ಯಿಂದ ಸೋಲಿಸಿದರು, 2022ರಲ್ಲಿ ಗ್ರ್ಯಾಂಡ್ ಫೈನಲ್, ಅಂದರೆ ಕಪ್ಪಿನ ಕೊನೆ ಪಂದ್ಯವನ್ನೇ ಆಡಿದರು. ಕೊನೆಗೆ 2024ರ ಮೇ ತಿಂಗಳಲ್ಲಿ ಅವರನ್ನೂ ತೆಗೆದರು, ನಿಜ. ಆದರೆ ಹತ್ತು ವರ್ಷ ಜತೆಗಿಟ್ಟುಕೊಂಡು ನೋಡಿ ತೆಗೆದದ್ದು.

ಕೋಚ್‌ನ ಎಂದೂ ತೆಗೆಯಲೇಬಾರದು ಅಂತ ನಾನು ಹೇಳುತ್ತಿಲ್ಲ. ಹುಡುಗರು ಅವರ ಮಾತು ಕೇಳುವುದನ್ನು ಬಿಟ್ಟಿದ್ದರೆ ಒಂದು ದಿನವೂ ಇಟ್ಟುಕೊಳ್ಳಬೇಡಿ. ಅದು ಗೊತ್ತಾಗುವುದು ಸ್ಕೋರ್ ಬೋರ್ಡ್‌ನಲ್ಲಲ್ಲ, ಆ 10 ಮೀಟರ್‌ನಲ್ಲಿ. 70ನೇ ನಿಮಿಷದಲ್ಲಿ, 24 ಪಾಯಿಂಟ್ ಹಿಂದಿರುವಾಗ, ಮೈಯೆಲ್ಲ ಕೆಸರಾದ ಹುಡುಗ ಹಿಂದಕ್ಕೆ ಓಡುತ್ತಾನಾ, ನಡೆಯುತ್ತಾನಾ? ಕೋಚ್ ಮೇಲೆ ನಂಬಿಕೆ ಹೋದವನು ಸೊಂಟದ ಮೇಲೆ ಕೈ ಇಟ್ಟುಕೊಂಡು ನಡೆಯುತ್ತಾನೆ. ನೀವು ಬರೆದದ್ದೇನು? "ಸೋತ್ರೂ ಹುಡುಗ್ರು ಕೊನೆ ತನಕ ಓಡ್ತಾರೆ ಮೇಡಂ, ಅದನ್ನ ನೋಡೋಕಾಗಲ್ಲ." ನಿಮ್ಮ ಉತ್ತರ ಅಲ್ಲೇ ಇದೆ ಅಲ್ವಾ?

ಋಣದ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಟ್ಯಾಕಲ್ ಮಾಡುವಾಗ ತಲೆಯನ್ನು ಎದುರಾಳಿಯ ಸೊಂಟದ ಪಕ್ಕಕ್ಕೆ ಇಡಬೇಕು, ಮುಂದೆ ಇಟ್ಟರೆ ಕುತ್ತಿಗೆಗೆ ಅಪಾಯ. ಅದನ್ನು ನಿಮ್ಮ ಮಗನಿಗೆ ಮಂಡಿಯೂರಿ ಕೂತು, ಅವನ ಕೆನ್ನೆ ಹಿಡಿದು ತಿರುಗಿಸಿ ತೋರಿಸಿದರು ಅಂತ ಬರೆದಿದ್ದೀರಿ. ಅದು ಬರೀ ಉಪಕಾರವಲ್ಲ, ಕೋಚಿಂಗ್. ಕಮಿಟಿಯಲ್ಲಿ ಅದನ್ನು ಕಣ್ಣಾರೆ ಕಂಡವರು ನೀವು. ಕಂಡದ್ದನ್ನು ಹೇಳುವುದು ಪಕ್ಷಪಾತ ಹೇಗಾಗುತ್ತೆ? "ನಾವು ಹೊರಗಿನವರು, ಎದುರು ಮಾತಾಡೋದು ಹೇಗೆ" ಅಂತ ಕೇಳಿದ್ದೀರಿ. ಕ್ಲಬ್ಬಿನ ಲೆಕ್ಕ ನೋಡುವಾಗ ನೀವು ಹೊರಗಿನವರಾಗಿರಲಿಲ್ಲ. ವೋಟು ಹಾಕುವಾಗಲೂ ಅಲ್ಲ.

ಬುಧವಾರ ಒಂದೇ ಕೆಲಸ ಮಾಡಿ. ಕೈ ಎತ್ತುವ ಮೊದಲು ಅಧ್ಯಕ್ಷರ ಮುಖ ನೋಡಿ, "ಹಿಂದಿನ ಮೂವರು ಯಾಕೆ ಹೋದರು?" ಅಂತ ಕೇಳಿ. ಉತ್ತರ ಏನೇ ಬರಲಿ, ಸೀಸನ್ ಮುಗಿಯುವವರೆಗೆ ಕೋಚ್ ಇರಲಿ ಅಂತ ವೋಟು ಹಾಕಿ, ಅದನ್ನು ಮಿನಿಟ್ಸ್ ಪುಸ್ತಕದಲ್ಲಿ ಬರೆಸಿಯೇ ಮನೆಗೆ ಹೋಗಿ.