ಎಡಿಎಚ್‌ಡಿ ನಿಜವಾದ ಸಮಸ್ಯೆಯೇ, ಅಥವಾ ತುಂಟತನಕ್ಕೆ ಇಟ್ಟ ಹೆಸರೇ?

ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ, ನಿಜವಾದ ಸಮಸ್ಯೆಯೇ. ಯಾವ ಮಗುವಿಗೆ ಅದಿದೆ ಎಂದು ನಿರ್ಧರಿಸುವಲ್ಲಿ ತಪ್ಪುಗಳಾಗುತ್ತವೆ ಎಂಬುದೂ ಅಷ್ಟೇ ನಿಜ. ಅವಳಿ ಮಕ್ಕಳ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ, ಈ ಲಕ್ಷಣಗಳಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇ. 74ರಷ್ಟು ಪಾಲು ಅನುವಂಶೀಯವಾದದ್ದು. ತಂದೆ ತಾಯಿಯ ಸಲಿಗೆಯೇ ಕಾರಣ ಎಂಬ ವಾದ ಇದರೆದುರು ನಿಲ್ಲುವುದಿಲ್ಲ.

ಆದರೆ ಗಮನವೆಂಬುದು ರಕ್ತದೊತ್ತಡದಂತೆ ಎಲ್ಲರಲ್ಲೂ ಹೆಚ್ಚು ಕಡಿಮೆ ಇರುವಂಥದ್ದು. ಈ ತೊಂದರೆಯನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲದ ಕಾರಣ, ವೈದ್ಯರು ಪೋಷಕರ ಮತ್ತು ಶಿಕ್ಷಕರ ಮಾತನ್ನು ನೆಚ್ಚಬೇಕಾಗುತ್ತದೆ. ಇದರ ಅಪಾಯವನ್ನು ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಶಾಲೆ ಸೇರಲು ಸೆಪ್ಟೆಂಬರ್ 1ರೊಳಗೆ ಐದು ವರ್ಷ ತುಂಬಿರಬೇಕೆಂಬ ನಿಯಮವಿರುವ ರಾಜ್ಯಗಳಲ್ಲಿ, ತರಗತಿಗೇ ಕಿರಿಯರಾದ ಆಗಸ್ಟ್‌ನಲ್ಲಿ ಹುಟ್ಟಿದ ಮಕ್ಕಳಿಗೆ, ಎಲ್ಲರಿಗಿಂತ ಹಿರಿಯರಾದ ಸೆಪ್ಟೆಂಬರ್‌ನಲ್ಲಿ ಹುಟ್ಟಿದವರಿಗಿಂತ ಸುಮಾರು ಶೇ. 34ರಷ್ಟು ಹೆಚ್ಚಾಗಿ ಈ ಹಣೆಪಟ್ಟಿ ಅಂಟಿತ್ತು. ಕೂಡುವ ಲೆಕ್ಕವನ್ನು ಅರ್ಧಕ್ಕೇ ಬಿಟ್ಟು ಬೆಂಚಿನಿಂದೇಳುವ ಎಳೆಯ ಮಗುವನ್ನು, ತನಗಿಂತ ಒಂದು ವರ್ಷ ದೊಡ್ಡವನಾದ ಸಹಪಾಠಿಯ ಜೊತೆ ಹೋಲಿಸಿ ರೋಗಿ ಎಂದು ಕರೆಯುವುದು ದೊಡ್ಡ ಅನ್ಯಾಯ.

ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿಯ ಪ್ರಕಾರ, ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡು, ಮನೆ, ಶಾಲೆಯಂತಹ ಕನಿಷ್ಠ ಎರಡು ಕಡೆ ಇದ್ದು, ಆರು ತಿಂಗಳಾದರೂ ಮುಂದುವರಿದು, ದಿನನಿತ್ಯದ ಬದುಕಿಗೆ ತೊಡಕಾಗಿರಬೇಕು. ಬರೀ ಒಬ್ಬ ಶಿಕ್ಷಕರ ದೂರು ಸಾಲದು.