ಬದನಿಕಾಯಿ ಹುಳ, ಒಲಿ ಕಟಗಿ

ಗೆಳೆಯಾ, ‘ನಿಮ್ಮ ಕಡೆ ಬದನೆಕಾಯಿಗೂ ಮರಾಠಿ ಹೆಸರಾ? ಅಷ್ಟು ಔಷಧ ಹೊಡೆದರೂ ಹುಳ ಯಾಕಿರುತ್ತೆ?’ ಅಂತ ಕೇಳಿದಿ. ಹೆಸರಿನ ಮಾತು ಸಣ್ಣದು. ನಮ್ಮ ಬೆಳಗಾವಿ ಜಿಲ್ಲಾದ ಕಾಗವಾಡ, ಕುಡಚಿ ಕಡೆ ಮನ್ಯಾಗ ಬದನಿಕಾಯಿ, ಮುಳಗಾಯಿ ಅಂತೀವಿ; ಗಡಿ ಆಚೆ ಮಹಾರಾಷ್ಟ್ರದ ಮಿರಜ ಪ್ಯಾಟ್ಯಾಗ ಮರಾಠಿಯಾಗ ವಾಂಗಿ ಅಂತೀವಿ. ನಿಮ್ಮ ಬೆಂಗಳೂರಿನ ವಾಂಗಿಬಾತ್‌ನ್ಯಾಗ ಇರೂದೂ ಅದ. ಅದನ್ನ ತಿಂದು ನಿಮ್ಮ ಕನ್ನಡ ಕಡಿಮಿ ಆಗಿಲ್ಲ, ನಮ್ದೂ ಆಗಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಬಿಟಿ ಬದನಿಗೆ (ಹುಳ ತಡಿಯಾಕ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬದನಿ) ಆರಿಸಿದ ನಾಟಿ ತಳಿಗಳೊಳಗ ಉಡುಪಿ ಗುಳ್ಳದ ಜೋಡಿ ಕುಡಚಿ ಲೋಕಲ್ ಸೈತ ಇತ್ತು.

ಆ ಬಿಟಿ ಕೆಲಸ ಹುಟ್ಟಿದ್ದ ನೀ ಕೇಳಿದ ಈ ಹುಳದ ಸಲುವಾಗಿ. 2010ರ ಫೆಬ್ರುವರಿಯಾಗ ಕೇಂದ್ರ ಸರಕಾರ ಅದನ್ನ ರೈತರ ಹೊಲಕ್ಕ ಬಿಡೂದನ್ನ ತಡದು ನಿಲ್ಲಿಸ್ತು. ಹುಳ ಹಂಗ ಉಳೀತು.

ಸಸಿ ಮಾಡೂದು, ಹಚ್ಚೂದು ಎಲ್ಲಾರಿಗೂ ಬರ್ತೈತಿ, ಬಿಡು. ನಮ್ಮ ಜಗಳ ಎಲ್ಲಾ ಕುಡಿ, ಕಾಯಿ ಕೊರಿಯೂ ಈ ಹುಳದ ಜೋಡಿ. ಪತಂಗ ರಾತ್ರಿ ಎಲಿ ಕೆಳಗ, ಮೊಗ್ಗಿನ ಮ್ಯಾಲ ತತ್ತಿ ಇಡ್ತೈತಿ. ಮೂರರಿಂದ ಐದ ದಿನಕ್ಕ ಮರಿ ಹೊರಬಂದು, ಕೆಲವೇ ತಾಸಿನೊಳಗ ಕುಡಿ ಇಲ್ಲಾ ಕಾಯಿ ಒಳಗ ಹೊಕ್ಕು, ತೂತನ್ನ ತನ್ನ ಹಿಕ್ಕಿಯಿಂದ ಮುಚ್ಚಿಕೋತೈತಿ. ಮ್ಯಾಲ ಹೊಡದ ಔಷಧ ಆಮ್ಯಾಲ ಅದಕ್ಕ ಮುಟ್ಟೂದಿಲ್ಲ. ಪ್ಯಾಟ್ಯಾಗ ಒಂದ ತೂತ ಕಂಡ್ರ ದರ ಇಳಸ್ತಾರ. ಅದಕ್ಕ ಅಂಜಿ ಮಂದಿ ಮತ್ತ ಮತ್ತ ಹೊಡೀತಾರ. ಕಲೆ ಇಲ್ಲದ ಮಿರಿಮಿರಿ ಕಾಯಿನ ಬೇಕು ಅನ್ನಾವರು ಇದನ್ನ ತಿಳ್ಕೋಬೇಕು.

ಪಂಪಿಗಿಂತ ಕತ್ತರಿ ಮುಖ್ಯ. ಬಾಡಿ ಜೋತ ಕುಡಿ ಕಂಡ್ರ, ಬಾಡಿದ ಜಾಗಾದಿಂದ ಒಂದ ಇಂಚ ಕೆಳಗ ಕತ್ತರಿಸಿ ಚೀಲದಾಗ ಹಾಕಬೇಕು, ವಾರಕ್ಕೊಮ್ಮೆ ತಪ್ಪದಂಗ. ಬದುವಿನ ಮ್ಯಾಲ ಒಗದ್ರ ಹುಳ ಕೆಳಗಿಳಿದು ಕಸದಾಗ ಕೋಶ ಕಟ್ಟತೈತಿ, ಹಂಗಾಗಿ ಸುಡಬೇಕು. ತೂತ ಬಿದ್ದ ಕಾಯಿನೂ ಅದ ಚೀಲಕ್ಕ. 100 ಲೀಟರ್ ನೀರಿಗೆ 5 ಕೆಜಿ ಬೇವಿನ ಬೀಜದ ತಿರುಳು ಜಜ್ಜಿ, ರಾತ್ರಿ ನೆನಸಿ, ಸೋಸಿ, ಸಂಜಿಮುಂದ ಎಲಿ ಕೆಳಗ ಮುಟ್ಟೂಹಂಗ ಹೊಡೀಬೇಕು. ಮೋಹಕ ಬಲೀನ (ಹೆಣ್ಣು ಪತಂಗದ ವಾಸನಿ ಇಟ್ಟು ಗಂಡು ಪತಂಗ ಸೆಳಿಯೂ ಬಲಿ) ಗಿಡದ ತುದಿ ಎತ್ತರಕ್ಕ ಕಟ್ಟಿ, ಗಿಡ ಬೆಳದಂಗ ಏರಿಸಬೇಕು. ಅದರಾಗ ಬೀಳೂದು ಗಂಡು ಪತಂಗ ಅಷ್ಟ.

ಇಷ್ಟ ಮಾಡಿದ್ರೂ ಬಗೆಹರಿಯದ್ದು ಹಳೆ ಗಿಡದ ಕಟಗಿ. ಬೆಳಿ ಮುಗದ ಮ್ಯಾಲ ಒಲಿಗಂತ ಒಟ್ಟಿದ ಕಟಗ್ಯಾಗ ಕೋಶ ಉಳೀತಾವ. ಅಲ್ಲಿಂದ ಎದ್ದ ಪತಂಗ ಮಗ್ಗಲಿನ ಎಳೀ ಹೊಲಕ್ಕ ಹೋಗ್ತಾವ. ಒಬ್ಬರ ಹೊಲ ಸ್ವಚ್ಛ ಇದ್ರ ಏನೂ ಸಾಲೂದಿಲ್ಲ. ಕಟಗಿ ಮ್ಯಾಲ ಅಡಗಿ ಮಾಡೂ ಮನಿಗೆ ಅದನ್ನ ಹೊಲದಾಗ ಸುಟ್ಟುಬಿಡ್ರಿ ಅನ್ನಾಕ ಬಾಯಿ ಬರೂದಿಲ್ಲ. ಹಿಂಗಾಗಿ ಒಟ್ಟಲಿಗೆ ಸಣ್ಣ ಕಣ್ಣಿನ ನೈಲಾನ್ ಬಲಿ ಹೊದಿಸ್ರಿ, ಪತಂಗ ಒಳಗ ಸಾಯ್ತಾವ ಅಂತ ಹೇಳ್ತೀವಿ: ಗಡಿ ಈಚೆಯವರಿಗೆ ಕನ್ನಡದಾಗ, ಆಚೆಯವರಿಗೆ ಮರಾಠಿಯಾಗ.