ಪ್ರಶ್ನೆ ಪೆಟ್ಟಿಗೆ ಖಾಲಿ ಬರುತ್ತಿದ್ದರೆ

ಎಚ್‌ಐವಿ ಪಾಠಕ್ಕೆ ಪ್ರಶ್ನೆ ಪೆಟ್ಟಿಗೆ ಇಟ್ಟರೂ ಹದಿಹರೆಯದ ಮಕ್ಕಳು ಚೀಟಿ ಹಾಕುತ್ತಿಲ್ಲ ಅಂದಿದ್ದೀರಿ. ಬಹುಶಃ ನಾಚಿಕೆಗಿಂತ ಭಯವೇ ಜಾಸ್ತಿ. ಎದ್ದು ಹೋಗಿ ಚೀಟಿ ಹಾಕುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ, ಅಲ್ವಾ?

ಮೊದಲು ಎಲ್ಲರಿಗೂ ಒಂದೇ ಅಳತೆಯ ಚೀಟಿ ಕೊಡಿ. ಪ್ರಶ್ನೆ ಇಲ್ಲದವರೂ ‘ಪ್ರಶ್ನೆ ಇಲ್ಲ’ ಅಂತ ಬರೆಯಲಿ. ಪೆಟ್ಟಿಗೆಯನ್ನು ನೀವೇ ಬೆಂಚಿನಿಂದ ಬೆಂಚಿಗೆ ಒಯ್ಯಿರಿ. ಉತ್ತರ ಮರುದಿನ ಕೊಡಿ, ಕೈಬರಹ ನೋಡಿ ಯಾರದೆಂದು ಹುಡುಕಬೇಡಿ.

ಆಮೇಲೆ ಕಾರ್ಡ್ ಆಟ. ‘ಸೊಳ್ಳೆ ಕಡಿತ’, ‘ಒಂದೇ ತಟ್ಟೆಯಲ್ಲಿ ಊಟ’, ‘ಬೇರೆಯವರು ಬಳಸಿದ ಸೂಜಿ’, ‘ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ’ ಅಂತ ಬರೆದು ಗುಂಪುಗಳಿಗೆ ಹಂಚಿ. ‘ಹರಡಬಹುದು’, ‘ಹರಡುವುದಿಲ್ಲ’, ‘ಗೊತ್ತಿಲ್ಲ’ ಅಂತ ಮೂರು ಕಡೆ ಇಡಿಸಿ, ಯಾಕೆ ಅಂತ ಕೇಳಿ. ತಪ್ಪಿದ ಕಾರ್ಡನ್ನು ತಕ್ಷಣ ಸರಿಸಬೇಡಿ, ಬೇರೆ ಗುಂಪು ಮಾತಾಡಲಿ. ಸೊಳ್ಳೆ ಕಾರ್ಡಿಗೆ ವಾದ ಎದ್ದೇ ಏಳುತ್ತದೆ. ಈ ವೈರಸ್ ಸೊಳ್ಳೆಯೊಳಗೆ ಬೆಳೆಯುವುದಿಲ್ಲ, ಹೀರಿದ ರಕ್ತವನ್ನು ಸೊಳ್ಳೆ ಇನ್ನೊಬ್ಬರೊಳಗೆ ಬಿಡುವುದೂ ಇಲ್ಲ ಅಂತ ಬಿಡಿಸಿ ಹೇಳಿ.

ಕೈಕುಲುಕಿ ಸೋಂಕು ‘ಹರಡುವ’ ಆಟ ಮಾತ್ರ ಬೇಡ. ಮುಟ್ಟಿದರೆ ಬರುತ್ತದೆ ಅನ್ನುವುದೇ ತಲೆಯಲ್ಲಿ ಉಳಿದುಬಿಡಬಹುದು. ಯಾವ ಮಗುವನ್ನೂ ಸೋಂಕಿತರ ಪಾತ್ರಕ್ಕೆ ನಿಲ್ಲಿಸಬೇಡಿ. ಎಚ್‌ಐವಿ ಇರುವ ಮಗು ಅದೇ ತರಗತಿಯಲ್ಲಿ ಕೂತಿರಬಹುದು.

ಸೋಂಕು ತಗುಲಿರಬಹುದು ಅನ್ನಿಸಿದರೆ, ಆ ಘಟನೆ ನಡೆದ 72 ಗಂಟೆಯೊಳಗೆ ಮಾತ್ರೆ ಶುರು ಮಾಡಿ ತಡೆಯುವ ದಾರಿ ಇದೆ, ತಡ ಮಾಡದೆ ವೈದ್ಯರ ಹತ್ತಿರ ಹೋಗಬೇಕು ಅಂತ ಇಡೀ ತರಗತಿಗೆ ಹೇಳಿ. ಚೀಟಿಯಲ್ಲಿ ಯಾರೂ ಕೇಳದಿದ್ದರೂ ಹೇಳಿ.